ಬಸ್ಯಾನ ಬೆನ್ನ ಮೇಲಿನ ಬಿಳಿ ಚೌಕ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ಕಡೆ ದೀಪ ಹಿಡಿದು ಹುಡುಕಿದರೂ ನನ್ನಂಥ ಪಿಕ್ಸೆಲ್ ಕಲಾವಿದ ಸಿಗಬಾರದು! ಹೀಗೊಂದು ಭೀಕರ ಪ್ರತಿಜ್ಞೆಯನ್ನು ನಾನು ಈ ಬೇಸಿಗೆಯಲ್ಲಿ ಮಾಡಿದೆ. ಪ್ರತಿಜ್ಞೆ ಮಾಡಿದ ಹೊತ್ತಿಗೆ ಈ ನಾಲ್ಕೂ ಕಡೆ ಪಿಕ್ಸೆಲ್ ಕಲಾವಿದ ಅಂತ ಇದ್ದವನು ನಾನೊಬ್ಬನೇ ಎಂದು ನನ್ನ ಅಂದಾಜು. ಹಾಗಾಗಿ ಗೆಲ್ಲುವುದು ಖಾತ್ರಿಯಿತ್ತು. ಸೋತರೆ ಬೈಸಿಕೊಳ್ಳುವುದಕ್ಕೂ ನಾನೊಬ್ಬನೇ ಇದ್ದೇನೆ ಎನ್ನುವುದು ಮಾತ್ರ ಆಗ ಹೊಳೆಯಲಿಲ್ಲ.

ಪಿಕ್ಸೆಲ್ ಕಲೆ ಎಂದರೆ ದೊಡ್ಡ ವಿದ್ಯೆಯೇನಲ್ಲ. ಮೊಬೈಲಿನ ಆ್ಯಪ್‌ನಲ್ಲಿ ಸಣ್ಣ ಸಣ್ಣ ಚೌಕಗಳ ಒಂದು ಹಾಳೆ ಇರುತ್ತದೆ. ಒಂದೊಂದೇ ಚೌಕಕ್ಕೆ ಬೆರಳಿನಿಂದ ಬಣ್ಣ ತುಂಬುತ್ತ ಹೋಗಬೇಕು. ಹಳೆಯ ವಿಡಿಯೋ ಗೇಮುಗಳಲ್ಲಿ ಜಿಗಿಯುವ ಮನುಷ್ಯರು, ಮರಗಳು, ಮೋಡಗಳು ಇರುತ್ತಿದ್ದವಲ್ಲ, ಅಂಥ ಚಿತ್ರ. ನೋಡಲು ಸುಲಭ. ಆದರೆ ಇರುವುದೇ ಹಿಡಿಯಷ್ಟು ಚೌಕಗಳಾದ್ದರಿಂದ ಒಂದು ಚೌಕ ತಪ್ಪಿದರೂ ಮೂಗಿನ ಜಾಗದಲ್ಲಿ ಬಾಯಿ ಬರುತ್ತದೆ.

ನಾನು ಬಣ್ಣಕ್ಕೆ ಹೊಸಬನಲ್ಲ ಎಂಬ ಜಂಬ ಬೇರೆ ಇತ್ತು. ಕುಷ್ಟಗಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಹುಟ್ಟುಹಬ್ಬದ ಶುಭಾಶಯ ಕೋರುವವರ ಬಿಸಿಲುಂಡ ಮುಖಗಳನ್ನು ಬೆಣ್ಣೆಯಂತೆ ಬೆಳ್ಳಗೆ ಮಾಡುವುದೇ ನನ್ನ ಹೊಟ್ಟೆಪಾಡು. ಎಷ್ಟು ಮುಖಗಳಿಗೆ ಬೆಳಕು ಕೊಟ್ಟಿಲ್ಲ ಈ ಕೈ! ಒಂದು ಎತ್ತಿಗೆ ನೆರಳು ಕೊಡಲಾರದೇ?

"ಏನ್ ಮಾಡಾಕತ್ತೀರಿ, ಅಷ್ಟೊತ್ತಿನಿಂದ ಫೋನ್ ತಿವಕೋತ?" ಎಂದಳು ನನ್ನ ಹೆಂಡತಿ ಶೈಲಶ್ರೀ.

"ಕಲೆ!" ಎಂದೆ, ಎದೆ ಉಬ್ಬಿಸಿ.

"ಅಂಗಿಗೆ ಹತ್ತಿದ್ದೋ, ತಲಿಗೆ ಹತ್ತಿದ್ದೋ?"

ಇಂಥ ಮಾತಿಗೆಲ್ಲ ಕಲಾವಿದರು ಅಂಜಬಾರದು. ನಾನು ಅಂಜಲಿಲ್ಲ. ನನ್ನ ಮೊದಲ ಮಹಾಕೃತಿಗೆ ವಸ್ತುವಾಗಿ ನಮ್ಮ ಮನೆಯ ಬಿಳಿ ಕಿಲಾರಿ ಎತ್ತು ಬಸ್ಯಾನನ್ನು ಆರಿಸಿಕೊಂಡೆ. ಅವನು ಅಲುಗಾಡದೆ ನಿಲ್ಲುತ್ತಾನೆ, ಎದುರು ಮಾತಾಡುವುದಿಲ್ಲ. ಮನೆಯಲ್ಲಿ ಈ ಎರಡೂ ಗುಣವಿರುವವನು ಅವನೊಬ್ಬನೇ.

ಬಸ್ಯಾನ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಅವನು ಶೈಲಶ್ರೀಯ ತವರಿನ ಕರು. ಮದುವೆಯ ವರ್ಷ ಅವಳ ಹಿಂದೆಯೇ ನಮ್ಮ ಮನೆಗೆ ಬಂದವನು. ಅವಳ ಕೈಯಲ್ಲೇ ಹಿಂಡಿ ತಿಂದು ಬೆಳೆದವನು. ಅವನ ಜೋಡಿ ಮಾರ್ಯಾ ಹೋದ ಚಳಿಗಾಲದಲ್ಲಿ ಹಾವು ಕಡಿದು ಸತ್ತ. ಅಂದಿನಿಂದ ಬಸ್ಯಾ ಒಂಟಿ. ಒಂಟಿ ಎತ್ತಿನಿಂದ ಎರೆಹೊಲದಲ್ಲಿ ಏನೂ ಆಗುವುದಿಲ್ಲ. ಜೋಡಿಗಾಗಿ ನಮ್ಮ ಅಪ್ಪ ಕೊಟ್ರಬಸಪ್ಪ ತಿರುಗದ ಊರಿಲ್ಲ. ಒಂದು ಕಡೆ ಎತ್ತರ ಕೂಡಲಿಲ್ಲ, ಇನ್ನೊಂದು ಕಡೆ ಬಣ್ಣ ಕೂಡಲಿಲ್ಲ. ಕೊನೆಗೆ ಅಪ್ಪ ತೀರ್ಪು ಕೊಟ್ಟುಬಿಟ್ಟ.

"ಕಾರಹುಣ್ಣಿವಿ ಒಳಗ ಜೋಡಿ ಸಿಕ್ರ ಸಿಕ್ತು. ಇಲ್ಲಾಂದ್ರ ಬಸ್ಯಾನ್ನ ಸಂತಿಗೆ ಹೊಡಿಯೂದು, ಬಿತ್ತಾಕ ಟ್ರ್ಯಾಕ್ಟರ್ ಹಿಡಿಯೂದು. ಕುಂದ್ರಿಸಿ ಮೇವು ಹಾಕಾಕ ಎಲ್ಲಿಂದ ತರೂದು?"

ಅವತ್ತು ಸಂಜೆ ಶೈಲಶ್ರೀ ಬಸ್ಯಾನಿಗೆ ಹಾಕಬೇಕಾದ ಹಿಂಡಿಗಿಂತ ಒಂದು ಹಿಡಿ ಜಾಸ್ತಿ ಹಾಕಿದಳು. ನಾನು ಅದೇ ಹೊತ್ತಿಗೆ ಅಲ್ಲೇ ಕೂತು ಎತ್ತಿನ ಕೊಂಬಿಗೆ ಯಾವ ಬಣ್ಣದ ಚೌಕ ಹಾಕಲಿ ಎಂದು ಯೋಚಿಸುತ್ತಿದ್ದೆ.

ಮೊದಲ ಚಿತ್ರ ಮುಗಿಯಿತು. ಶೇಡಿಂಗ್ ಎಂದರೆ ಅಂಚಿಗೆ ಕಪ್ಪು, ನಡುವೆ ಬಿಳಿ ಎಂದು ನನ್ನ ಸಿದ್ಧಾಂತ. ಎತ್ತಿನ ಸುತ್ತಲೂ ಕಪ್ಪು ಬೂದಿಬಣ್ಣ ಹಾಕಿ, ಹೊಟ್ಟೆಯ ನಡುಭಾಗವನ್ನು ಬೆಳ್ಳಗೆ ಹೊಳೆಯಿಸಿ ಹೆಂಡತಿಯ ಮುಂದೆ ಹಿಡಿದೆ. ಅವಳು ಫೋನನ್ನು ಹತ್ತಿರ ತಂದಳು, ದೂರ ಒಯ್ದಳು, ತಿರುಗಿಸಿಯೂ ನೋಡಿದಳು.

"ಛಲೋ ಬಂದೈತಿ. ತಲಿದಿಂಬಲ್ಲ?"

"ತಲಿದಿಂಬಲ್ಲ, ಬಸ್ಯಾ!"

"ಹಂಗಾರ ಈ ದಿಂಬಿಗೆ ಕೊಂಬ್ಯಾಕ ಬಂದಾವ ಅಂತಿದ್ದೆ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಫೋನಿನ ಪರದೆಯೇ ಸರಿಯಿಲ್ಲ ಎಂದು ವಾದಿಸಿದೆ. ಆದರೆ ಆಮೇಲೆ ಕಲಿಸುವ ವಿಡಿಯೋ ನೋಡಿದರೆ ಅಲ್ಲಿನ ಗುರು ಹೇಳುತ್ತಾನೆ: ಹೊಸಬರು ಮಾಡುವ ಮೊದಲ ತಪ್ಪು ಇದೇ, ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ಯೋಚಿಸದೆ ಸುತ್ತಲೂ ಕಪ್ಪು ಬಳಿಯುವುದು, ಇದಕ್ಕೆ 'ಪಿಲ್ಲೋ ಶೇಡಿಂಗ್' ಎಂದೇ ಹೆಸರು! ಜಗತ್ತಿನ ದೊಡ್ಡ ದೊಡ್ಡ ಪಂಡಿತರು ಸೇರಿ ಇಟ್ಟ ಹೆಸರನ್ನು ನನ್ನ ಹೆಂಡತಿ ರೊಟ್ಟಿ ಬಡಿಯುತ್ತ ಇಟ್ಟುಬಿಟ್ಟಿದ್ದಳು. ಈ ಸುದ್ದಿಯನ್ನು ನಾನು ಅವಳಿಗೆ ತಿಳಿಸಲಿಲ್ಲ.

ಗುರು ಇನ್ನೂ ಒಂದು ಮಾತು ಹೇಳಿದ್ದ. ನೆರಳು ಎಂದರೆ ಕಪ್ಪಲ್ಲ, ಬೆಳಕು ಎಂದರೆ ಬಿಳಿಯಲ್ಲ. ನೆರಳಿಗೆ ನೀಲಿಯ ಕಡೆ ವಾಲುವ ತಣ್ಣನೆಯ ಬಣ್ಣ ಹಾಕಿ, ಬೆಳಕಿಗೆ ಹಳದಿಯ ಕಡೆ ವಾಲುವ ಬೆಚ್ಚನೆಯ ಬಣ್ಣ ಹಾಕಿ. ನಂಬಿಕೆ ಬರದಿದ್ದರೆ ಹೊರಗೆ ಹೋಗಿ ಕಣ್ಣಾರೆ ನೋಡಿ. ನನಗೆ ನಂಬಿಕೆ ಬರಲಿಲ್ಲ. ಬಿಳಿ ಎತ್ತಿನಲ್ಲಿ ನೀಲಿ ಎಲ್ಲಿಂದ ಬರಬೇಕು? ನೋಡಿಯೇಬಿಡೋಣ ಎಂದು ದನದ ಮನೆಯ ಮುಂದೆ ಒಂದು ಬಕೆಟ್ ಬೋರಲು ಹಾಕಿ ಕೂತೆ.

ಸುಳ್ಳು ಹೇಳುವುದಿಲ್ಲ, ಅಲ್ಲಿಂದ ನನಗೆ ಹುಚ್ಚೇ ಹಿಡಿಯಿತು. ಇಷ್ಟು ವರ್ಷ ದಿನಾ ಕಂಡ ಎತ್ತು, ಬಿಳಿ ಎತ್ತು, ಬಿಳಿಯೇ ಆಗಿರಲಿಲ್ಲ! ಬೆಳಗಿನ ಬಿಸಿಲು ಬಿದ್ದಾಗ ಅವನ ಹೆಗಲ ಮೇಲಿನ ಇಣಿ, ಅದೇ ಆ ಡುಬ್ಬ, ತುಪ್ಪದ ಬಣ್ಣಕ್ಕಿತ್ತು. ಮಧ್ಯಾಹ್ನ ಕುತ್ತಿಗೆಯ ಮಡಿಕೆಗಳಲ್ಲಿ ನಿಜವಾಗಿಯೂ ನೀಲಿ ಇತ್ತು, ತೆಳ್ಳಗೆ, ಮಜ್ಜಿಗೆಗೆ ಒಂದು ಹನಿ ನೀಲಿ ಬಿದ್ದ ಹಾಗೆ. ಹೊಟ್ಟೆಯ ಅಡಿ ಕೆಂಪು. ಕೆಂಪು ಯಾಕೆ? ಬಗ್ಗಿ ನೋಡಿದೆ. ಅಂಗಳಕ್ಕೆ ಹಾಕಿಸಿದ ಕೆಂಪು ಗರಸು ಮಣ್ಣಿನ ಮೇಲೆ ಬಿದ್ದ ಬಿಸಿಲು ಮೇಲಕ್ಕೆ ಪುಟಿದು ಎತ್ತಿನ ಹೊಟ್ಟೆಗೆ ಹತ್ತಿತ್ತು. ಅವ್ವ ಹಸಿರು ತಾಡಪಾಲನ್ನು ಒಣಹಾಕಿದ ದಿನ ಬಸ್ಯಾನ ಒಂದು ಕೆನ್ನೆ ಹಸಿರಾಯಿತು. ನಾನು ಬಕೆಟ್ಟನ್ನು ಎತ್ತಿಕೊಂಡು ಎತ್ತಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದೆ. ದಾರಿಹೋಕರು ನಿಂತು ನೋಡಿ, ಹರಕೆ ಇರಬೇಕು ಎಂದು ಮುಂದೆ ಹೋಗುತ್ತಿದ್ದರು.

ಒಂದು ಸಂಜೆ ಶೈಲಶ್ರೀ ಕೆಂಪು ಇಳಕಲ್ ಸೀರೆಯುಟ್ಟು ಮೇವು ಹಾಕಲು ಬಂದವಳು ಬಸ್ಯಾನ ಪಕ್ಕದಲ್ಲಿ ನಿಂತಳು. ನಾನು ಹಾರಿಬಿದ್ದೆ.

"ಶೈಲಾ! ಅಲ್ಲೇ ನಿಂದ್ರು! ಒಟ್ಟ ಅಳ್ಳಾಡಬ್ಯಾಡ! ಏನ್ ಬಣ್ಣ! ಏನ್ ಬಣ್ಣ!"

ಅವಳು ಸೆರಗು ಸರಿಮಾಡಿಕೊಂಡಳು. ಮುಖದಲ್ಲಿ ಮದುವೆಯಾದ ಹೊಸತರಲ್ಲಿ ಕಂಡಿದ್ದ ನಾಚಿಕೆ. "ಈ ಸೀರಿ ನಿಮಗ ಈಗ ಕಂಡ್ತೇನು? ಹೋದ ವರ್ಷದ್ದಿದು," ಎಂದಳು ಮೆಲ್ಲಗೆ.

"ಸೀರಿ ಅಲ್ಲ! ಸೀರಿಯ ಕೆಂಪು ಎತ್ತಿನ ಪಕ್ಕಡಿ ಮ್ಯಾಲೆ ಬಿದ್ದೈತಿ, ಅದನ್ನ ನೋಡು!"

ಅವಳು ನೋಡಿದಳು. ಎತ್ತನ್ನಲ್ಲ, ನನ್ನನ್ನು. ಅವತ್ತು ನನಗೆ ಪಲ್ಯವಿಲ್ಲದ ರೊಟ್ಟಿ ಸಿಕ್ಕಿತು.

ಆದರೂ ಅವಳಿಗೂ ಒಳಗೊಳಗೇ ಕುತೂಹಲ ಹುಟ್ಟಿತ್ತು. ಮರುದಿನ ನಾನು ಕೇಳದೆಯೇ, "ರೀ, ಮೋಡ ಬಂದಾಗ ನೋಡ್ರಿ, ಅಂವ ಬ್ಯಾರೇನ ಕಾಣ್ತಾನ" ಎಂದಳು. ಹೌದು, ಬೇರೆಯೇ ಕಾಣುತ್ತಿದ್ದ! ಇಬ್ಬರೂ ಒಂದೊಂದು ಬಕೆಟ್ ಮೇಲೆ ಕೂತು ನೋಡಿದೆವು. ಗಂಡ ಹೆಂಡತಿ ಎಂದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಿದ್ದ ನಾವು ಒಂದೇ ಕಡೆ ನೋಡುತ್ತ ಅಷ್ಟು ಹೊತ್ತು ಕೂತದ್ದು ಅದೇ ಮೊದಲಿರಬೇಕು.

ಹೀಗೆ ನನ್ನ ಎರಡನೇ ಮಹಾಕೃತಿ ಸಿದ್ಧವಾಯಿತು. ಮೇವು ಹಾಕುವ ಗ್ವಾದಲಿಯ ಮುಂದೆ ಬಸ್ಯಾ. ಅವನು ನಿಜವಾಗಿ ನಿಲ್ಲುತ್ತಿದ್ದಂತೆಯೇ ಗ್ವಾದಲಿಯ ಒಂದು ತುದಿಗೆ ಸರಿದು ನಿಂತಿದ್ದ. ಇನ್ನೊಂದು ತುದಿ ಖಾಲಿ. ಅದ್ಯಾಕೆ ಹಾಗೆ ನಿಲ್ಲುತ್ತಾನೆ ಎಂದು ನಾನು ಕೇಳಿಕೊಳ್ಳಲಿಲ್ಲ, ಕಂಡದ್ದನ್ನು ತುಂಬಿದೆ ಅಷ್ಟೆ. ನೆರಳಿಗೆ ನೀಲಿ ಹಾಕಿದೆ. ತೆಳ್ಳಗೆ ಹಾಕಿದರೆ ಯಾರಿಗೆ ಕಾಣಬೇಕು ಎಂದು ಗಟ್ಟಿಯಾಗಿಯೇ ಹಾಕಿದೆ. ಬೆಳಕೂ ನೆರಳೂ ಕೂಡುವಲ್ಲಿ ಒಂದು ಚೌಕ ಬಿಟ್ಟು ಒಂದು ಚೌಕಕ್ಕೆ ಬಣ್ಣ ಹಾಕಿ ಎರಡನ್ನೂ ಬೆರೆಸಬೇಕು ಎಂದಿದ್ದ ಗುರು. ಮೈತುಂಬ ಹಾಗೆ ಚುಕ್ಕಿ ಇಟ್ಟೆ. ಕೊನೆಗೆ ಬೆನ್ನಿನ ಮೇಲೆ, ಬಿಸಿಲು ಹೊಳೆಯುವ ಕಡೆ, ಒಂದೇ ಒಂದು ಅಚ್ಚ ಬಿಳಿಯ ಚೌಕ. ಆಹಾ! ಎತ್ತಿಗೆ ಜೀವ ಬಂತು!

ಆ ಒಂದು ಚೌಕ ನಮ್ಮ ಮನೆಯ ಮಾನವನ್ನೇ ತೆಗೆಯುವುದಿತ್ತು ಎಂದು ಆಗ ಯಾರಿಗೆ ಗೊತ್ತು?

ಅದೇ ವಾರ ಅಪ್ಪ ಖುಷಿಯಿಂದ ಬಂದ. ಮಂಗಳೂರಿನಲ್ಲಿ ಗೋಣೆಪ್ಪ ಎಂಬ ಹಿರಿಯರ ಹತ್ತಿರ ಒಂದು ಒಂಟಿ ಎತ್ತು ಇದೆ ಎಂಬ ಸುದ್ದಿ. ಮಂಗಳೂರು ಎಂದರೆ ಸಮುದ್ರದ ಪಕ್ಕದ್ದಲ್ಲ, ನಮ್ಮ ಯಲಬುರ್ಗಾ ಸೀಮೆಯದು. ಅಲ್ಲಿ ಮೀನು ಸಿಗುವುದಿಲ್ಲ, ಮಿರ್ಚಿ ಭಜಿ ಸಿಗುತ್ತದೆ. ಗೋಣೆಪ್ಪನಿಗೆ ವಯಸ್ಸಾಗಿತ್ತು, ಬೇಸಾಯ ಬಿಟ್ಟಿದ್ದ. ಆದರೆ ದಲಾಲಿಗೆ ಎತ್ತು ಕೊಡುವವನಲ್ಲ. ಒಳ್ಳೆಯ ಮನೆ, ಒಳ್ಳೆಯ ಜೋಡಿ ಇದ್ದರೆ ಮಾತ್ರ ಕೊಡುತ್ತೇನೆ, ಮೊದಲು ನಿಮ್ಮ ಎತ್ತಿನ ಫೋಟೋ ಕಳಿಸಿ ಎಂದಿದ್ದ. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ.

"ಲೇ ಶಾಂತ್ಯಾ, ಬಸ್ಯಾಂದು ಛಲೋ ಫೋಟೋ ತಗದು ವಾಟ್ಸಾಪ್ ಮಾಡು. ಇದು ತಪ್ಪಿದ್ರ ಮತ್ತ ಬ್ಯಾರೆ ಜೋಡಿ ಸಿಗಾಂಗಿಲ್ಲ," ಎಂದ ಅಪ್ಪ. ಅಪ್ಪನದು ಗುಂಡಿ ಒತ್ತುವ ಫೋನು, ಫೋಟೋದ ಕೆಲಸವೆಲ್ಲ ನನ್ನದೇ.

ಶೈಲಶ್ರೀ ಬಸ್ಯಾನ ಮೈ ತೊಳೆದಳು, ಹಣೆಗೆ ಕುಂಕುಮ ಇಟ್ಟಳು. ನಾನು ನಾಲ್ಕಾರು ಫೋಟೋ ತೆಗೆದೆ. ಕುಷ್ಟಗಿಯ ಬಸ್ಸು ಹಾರನ್ ಹೊಡೆಯುತ್ತಿತ್ತು. ಕಳಿಸುವ ಹೊತ್ತಿಗೆ ನನ್ನೊಳಗಿನ ಕಲಾವಿದ ಎದ್ದು ನಿಂತ. ಫೋಟೋ ಯಾರು ಬೇಕಾದರೂ ಕಳಿಸುತ್ತಾರೆ! ಎತ್ತಿನ ಮೈಬಣ್ಣದ ಮರ್ಮ ತಿಳಿಯಬೇಕಾದರೆ ಚಿತ್ರವನ್ನೇ ನೋಡಬೇಕು! ಮೊದಲು ಚಿತ್ರ ಕಳಿಸಿದೆ, ಹಿಂದೆಯೇ ಫೋಟೋಗಳನ್ನು ಕಳಿಸಿ ಫೋನನ್ನು ಕಿಸೆಗೆ ಹಾಕಿ ಬಸ್ಸು ಹತ್ತಿದೆ.

ಚಿತ್ರ ಹೋಯಿತು. ಫೋಟೋ ಹೋಗಲಿಲ್ಲ! ಬಸ್ಸು ಊರು ದಾಟಿದ್ದೇ ನೆಟ್‌ವರ್ಕ್ ಕೈಕೊಟ್ಟು, ಅವು ಅಲ್ಲೇ ಗರಗರ ತಿರುಗಿ ಕೊನೆಗೂ ಹೋಗದೇ ಉಳಿದಿದ್ದವು. ಅದಕ್ಕಿಂತ ದೊಡ್ಡ ಅನಾಹುತ ಇನ್ನೊಂದಾಗಿತ್ತು. ಪಿಕ್ಸೆಲ್ ಚಿತ್ರವನ್ನು ಕಳಿಸುವ ಮೊದಲು ದೊಡ್ಡದು ಮಾಡಿಕೊಳ್ಳಬೇಕು. ನಾನು ಕಡಲೆಕಾಳಿನಷ್ಟಿದ್ದುದನ್ನು ಹಾಗೇ ಕಳಿಸಿದ್ದೆ. ಗೋಣೆಪ್ಪನ ಫೋನು ಅದನ್ನು ಎಳೆದೆಳೆದು ದೊಡ್ಡದು ಮಾಡಿತ್ತು. ನನ್ನ ಚೂಪಾದ ಚೌಕಗಳೆಲ್ಲ ಕರಗಿ ಮಬ್ಬಾಗಿ, ಮುಸ್ಸಂಜೆಯಲ್ಲಿ ಕೈ ನಡುಗಿಸಿ ತೆಗೆದ ಫೋಟೋದಂತೆಯೇ ಆಗಿಹೋಗಿತ್ತು. ಗಾಜು ಸೀಳಿದ ಪರದೆಯಲ್ಲಿ ಅದನ್ನು ಕಂಡ ಗೋಣೆಪ್ಪ, ಇದೇ ಕೊಟ್ರಬಸಪ್ಪನ ಎತ್ತಿನ ಫೋಟೋ ಎಂದು ನಂಬಿದ. ನಂಬಿ ಅಪ್ಪನಿಗೆ ಫೋನು ಹಚ್ಚಿದ.

ಆಮೇಲಿನದನ್ನು ನನಗೆ ಶೈಲಶ್ರೀ ವರ್ಣಿಸಿದ್ದು.

"ಕೊಟ್ರಬಸಪ್ಪ, ಎತ್ತಿಗೆ ಆರಾಮಿಲ್ಲೇನು? ಮೈತುಂಬ ಗುಳ್ಳಿ ಎದ್ದಾವಲ್ಲ! ಚರ್ಮಗಂಟು ರೋಗ ಇದ್ದಂಗೈತಿ. ಹೊಟ್ಟಿ ನೋಡಿದ್ರ ನೀಲಿ ಆಗೈತಿ, ಹಾವು ಮುಟ್ಟಿದ್ದು ಇದನ್ನೋ, ಅದನ್ನೋ? ಹೋಗ್ಲಿ, ರೋಗ ವಾಸಿ ಆಗಬಹುದು. ಬೆನ್ನಮ್ಯಾಲೆ ಬೆಳ್ಳನ ಸುಳಿ ಐತಲ್ಲಪಾ! ಅದಕ್ಕ ಔಷಧ ಎಲ್ಲಿಂದ ತರ್ತಿ?"

ಸುಳಿಯ ವಿಚಾರ ನಮ್ಮ ಕಡೆ ಹುಡುಗಾಟವಲ್ಲ. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡು ಸುಳಿಯಾಗಿರುತ್ತದಲ್ಲ, ಅದು ಎಲ್ಲಿದೆ ಎಂದು ನೋಡಿಯೇ ಎತ್ತು ಕೊಳ್ಳುವುದು. ಹಣೆಯ ನಡುವೆ ಇದ್ದರೆ ಒಳ್ಳೆಯದು. ಬೆನ್ನಿನ ಮೇಲಿದ್ದರೆ ಮನೆ ಯಜಮಾನನಿಗೆ ಆಗಿಬರುವುದಿಲ್ಲ ಎಂದು ಅಂಥ ಎತ್ತನ್ನು ಪುಕ್ಕಟೆ ಕೊಟ್ಟರೂ ಯಾರೂ ಹೊಡೆದುಕೊಂಡು ಹೋಗುವುದಿಲ್ಲ. ಬಿಸಿಲಿನ ಹೊಳಪಿಗೆಂದು ನಾನಿಟ್ಟ ಚೌಕ ನೇರ ಅಲ್ಲಿಗೇ ಹೋಗಿ ಕೂತಿತ್ತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ನಮ್ಮದು. ಫೋನಿನ ಸ್ಪೀಕರಿನಲ್ಲಿ ಬಂದ 'ಚರ್ಮಗಂಟು' ಎಂಬ ಒಂದು ಮಾತು ಓಣಿ ದಾಟುವಷ್ಟರಲ್ಲಿ ಹತ್ತು ದನಗಳಿಗೆ ಹಬ್ಬಿತ್ತು. ನಾನು ಸಂಜೆ ಬಸ್ಸಿಳಿದು ಬಂದರೆ ಮನೆಯ ಮುಂದೆ ಜಾತ್ರೆಯಷ್ಟು ಜನ! ಪಕ್ಕದ ಮನೆಯ ಭೀಮಕ್ಕ ತನ್ನ ಎಮ್ಮೆಯನ್ನು ಎಳೆದುಕೊಂಡು ಊರಾಚೆ ಹೊರಟಿದ್ದಳು. ಅಂಗಳದಲ್ಲಿ ಬೇವಿನ ಸೊಪ್ಪಿನ ಹೊಗೆ. ನಡುವೆ ದನದ ಡಾಕ್ಟರ್ ಲಲಿತಾ ಮೇಡಂ ಬಸ್ಯಾನ ಮೈಯನ್ನು ತಲೆಯಿಂದ ಬಾಲದವರೆಗೆ ಸವರಿ ಸವರಿ ಬೆವರುತ್ತಿದ್ದರು. ಅಪ್ಪ ಬಸ್ಯಾನ ಬೆನ್ನಿನ ಮೇಲೆ ಬಗ್ಗಿ, ಇಲ್ಲದ ಸುಳಿಯನ್ನು ಬ್ಯಾಟರಿ ಹಾಕಿ ಹುಡುಕುತ್ತಿದ್ದ.

"ಗುಳ್ಳಿ ಇಲ್ಲ, ಜ್ವರ ಇಲ್ಲ, ನೀಲಿ ಅಂತೂ ಎಲ್ಲೂ ಇಲ್ಲ. ಯಾರ್ರಿ ಹೇಳಿದ್ದು ನಿಮಗ?" ಎಂದರು ಮೇಡಂ.

ಶೈಲಶ್ರೀ ನನ್ನ ಕಡೆ ತಿರುಗಿದಳು. ಅವಳಿಗೆ ಎಲ್ಲ ಹೊಳೆದುಹೋಗಿತ್ತು. "ರೀ, ನಿಮ್ಮ ಫೋನ್ ಕೊಡ್ರಿ ಇಲ್ಲಿ."

ಫೋನು ಕೈಯಿಂದ ಕೈಗೆ ಹೋಯಿತು. ಚಿತ್ರ ನೋಡಿದ ಮೇಡಂ ನಗು ತಡೆದುಕೊಂಡು, "ರೋಗ ಎತ್ತಿಗಲ್ಲ, ಬಸಪ್ಪ ದೇವರಂಥ ಎತ್ತದು. ರೋಗ ಇರೂದು ಇವರ ಬೆರಳಿಗೆ" ಎಂದು ಚೀಲ ಎತ್ತಿಕೊಂಡರು.

"ಅದು ಗುಳ್ಳಿ ಅಲ್ಲ ಮೇಡಂ, ಬೆಳಕು ನೆರಳು ಕೂಡೂ ಕಡಿ ಚುಕ್ಕಿ ಇಡಬೇಕಾಗ್ತದ..." ಎಂದು ನಾನು ಕಲಾಶಾಸ್ತ್ರ ಬಿಚ್ಚಿದೆ. ಯಾರೂ ನಿಲ್ಲಲಿಲ್ಲ. ಭೀಮಕ್ಕ ಎಮ್ಮೆಯನ್ನು ತಿರುಗಿಸಿಕೊಂಡು ವಾಪಸ್ ಬರುತ್ತ, "ಮುಂಜಾನಿಂದ ಎಮ್ಮಿ ಹಾಲ ಕೊಟ್ಟಿಲ್ಲ, ನಿನ್ನ ಚುಕ್ಕಿಗಿಷ್ಟ ಬೆಂಕಿ ಹಾಕ" ಎಂದು ಹರಸಿದಳು.

ಇಲ್ಲಿಗೆ ನಾನು ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತಿತ್ತು. ಸುಮ್ಮನಿರುವುದು ಕಲಾವಿದರ ಜಾಯಮಾನವಲ್ಲವಲ್ಲ! ಅಪ್ಪ, "ಗೋಣೆಪ್ಪಗ ಇದ್ದದ್ದು ಇದ್ದಂಗ ಹೇಳು" ಎಂದು ಹಲ್ಲು ಕಡಿದು ಹೇಳಿ ಒಳಗೆ ಹೋದ. ಮಾತಿನಲ್ಲಿ ಹೇಳಿದರೆ ಆ ಹಿರಿಯನಿಗೆ ಹೇಗೆ ತಿಳಿಯಬೇಕು ಎಂದುಕೊಂಡು ನಾನು ಚಿತ್ರವನ್ನೇ ತಿದ್ದಿದೆ. ಚುಕ್ಕಿ ಅಳಿಸಿದೆ. ನೀಲಿ ತೆಳ್ಳಗೆ ಮಾಡಿದೆ. ಬೆನ್ನಿನ ಬಿಳಿ ಚೌಕವನ್ನು ತೆಗೆದು, ಹೇಗೂ ಒಳ್ಳೆಯ ಜಾಗ, ಹಣೆಯ ನಡುವೆ ಇಟ್ಟೆ. ಈ ಸಲ ದೊಡ್ಡದು ಮಾಡಿಯೇ ಕಳಿಸಿದೆ. ಕೆಳಗೆ ವಿನಯದಿಂದ ಬರೆದೆ: 'ಕಾಕಾರ, ಎತ್ತು ಸರಿ ಮಾಡೇನಿ, ನೋಡ್ರಿ.'

ಫೋನು ತಕ್ಷಣ ಬಡಿದುಕೊಂಡಿತು. ಅಪ್ಪನ ಫೋನು, ಆ ಕಡೆ ಗೋಣೆಪ್ಪ.

"ಕೊಟ್ರಬಸಪ್ಪ! ಮುಂಜಾನಿ ಬೆನ್ನಮ್ಯಾಲಿದ್ದ ಸುಳಿ ಸಂಜೀಕ ಹಣಿಗೆ ಬಂತಲ್ಲೋ! ಮೈಮ್ಯಾಲಿನ ಗುಳ್ಳಿನೂ ಮಾಯ! ಸುಳಿ ಸುಟ್ಟು ಮಾರೂ ದಲಾಲಿ ಮಂದೀನ್ನ ಸಂತಿಯೊಳಗ ಭಾಳ ನೋಡೇನಿ ನಾ. ನೀನೂ ಅಂಥಾವ ಅಂತ ತಿಳದಿರಲಿಲ್ಲ. ನನ್ನ ಎತ್ತು ನಿಮ್ಮನಿಗೆ ಕೊಡೂದಿಲ್ಲ. ಇನ್ನ ಫೋಟೋ ಗೀಟೋ ಕಳಿಸಬ್ಯಾಡ್ರಿ!"

ಅಪ್ಪ ಫೋನನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ. ನನ್ನನ್ನು ಬೈಯಲಿಲ್ಲ. "ಸಂತಿಯೊಳಗ ತಲಿ ಎತ್ತಿ ಅಡ್ಡಾಡಿದವ್ನ ನಾ" ಎಂದಷ್ಟೇ ಹೇಳಿ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಸೋಮವಾರ ಬಸ್ಯಾನ್ನ ಹೊಡಕೊಂಡು ಹೋಗ್ತೀನಿ."

ದನದ ಮನೆಗೆ ಹೋದೆ. ಶೈಲಶ್ರೀ ಗ್ವಾದಲಿಯ ಕಟ್ಟೆಯ ಮೇಲೆ ಕೂತು ಬಸ್ಯಾನ ಗಂಗೆದೊಗಲು ಸವರುತ್ತಿದ್ದಳು. ಅವಳೂ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ.

"ಇಷ್ಟು ದಿನ ಬಕೆಟ್ ಹಾಕ್ಕೊಂಡು ನೋಡಿದ್ರಲ್ಲ, ಹೊಟ್ಟಿ ಕೆಂಪು ಕಂಡ್ತು, ಕುತ್ತಿಗಿ ನೀಲಿ ಕಂಡ್ತು," ಎಂದಳು. "ಅಂವ ಯಾಕ ಹಿಂಗ ಸರದು ನಿಂದರ್ತಾನ ಅಂತ ಕಂಡ್ತೇನು ನಿಮಗ?"

ನೋಡಿದೆ. ಗ್ವಾದಲಿ ಇಡೀ ಖಾಲಿಯಿದ್ದರೂ ಬಸ್ಯಾ ಒಂದೇ ತುದಿಗೆ ಒತ್ತಿಕೊಂಡು ನಿಂತಿದ್ದ.

"ಆ ಕಡೆ ಮಾರ್ಯಾನ ಜಾಗಾ ರೀ. ಇನ್ನೂ ಬಿಟ್ಟ ನಿಂದರ್ತಾನ. ಆ ಕಡಿ ಹಾಕಿದ ಕಣಿಕಿನೂ ಮುಟ್ಟಂಗಿಲ್ಲ."

ನನಗೆ ನಾಚಿಕೆಯಾಯಿತು. ಬಣ್ಣ ನೋಡಿದ್ದೆ, ನೆರಳು ನೋಡಿದ್ದೆ, ಆ ಖಾಲಿ ಜಾಗವನ್ನೂ ಚೌಕ ಎಣಿಸಿ ಚಿತ್ರದಲ್ಲಿ ಬಿಟ್ಟಿದ್ದೆ. ಎತ್ತನ್ನು ಮಾತ್ರ ನೋಡಿರಲಿಲ್ಲ. ಶೈಲಶ್ರೀ ಎದ್ದು, ಸೆರಗು ಸಿಕ್ಕಿಸಿ, ನನ್ನ ಕೈಯಿಂದ ಫೋನು ಕಿತ್ತುಕೊಂಡು ಗೋಣೆಪ್ಪನಿಗೆ ಹಚ್ಚಿದಳು.

"ಕಾಕಾರ, ಫೋನ್ ಇಡಬ್ಯಾಡ್ರಿ. ನಾ ಕೊಟ್ರಬಸಪ್ಪನವರ ಸೊಸಿ. ಎತ್ತು ನಂದು, ತವರಿಂದ ತಂದದ್ದು. ನಿಮಗ ಬಂದದ್ದು ಫೋಟೋ ಅಲ್ರಿ, ನಮ್ಮನಿಯವರು ಬೆರಳಿಲೆ ಬರದ ಚಿತ್ರ. ಒಂದ ಸಲ ಬಂದು ನಿಮ್ಮ ಕೈಲೆ ಮುಟ್ಟಿ ನೋಡ್ರಿ. ಬೆನ್ನಮ್ಯಾಲೆ ಸುಳಿ ಇತ್ತು ಅಂದ್ರ ನಾನ ಅವನ್ನ ಸಂತಿಗೆ ಹೊಡೀತೀನಿ."

ಆ ಕಡೆಯಿಂದ, "ಬೆರಳಿಲೆ ಬರದದ್ದಾ? ಯಾಕ, ಕೈಗೆ ಏನಾಗೈತಿ ಅವರಿಗೆ?" ಎಂದು ಕೇಳಿಸಿತು.

ಮರುದಿನ ಬೆಳಿಗ್ಗೆಯೇ ಗೋಣೆಪ್ಪ ಬಂದ. ಎತ್ತರದ ಮನುಷ್ಯ, ದೊಡ್ಡ ರುಮಾಲು, ಕೈಯಲ್ಲಿ ಬಾರುಕೋಲು. ನಾನು ಮೇವಿನ ಕಣಿಕಿಯ ಬಣಿವೆಯ ಹಿಂದೆ ಅಡಗಿ ನಿಂತು ಇಣುಕುತ್ತಿದ್ದೆ. ಅವನು ಬಸ್ಯಾನ ಬೆನ್ನನ್ನು ಕೂದಲು ಕೂದಲಾಗಿ ನೋಡಿದ. ಹಲ್ಲು ನೋಡಿದ, ಗೊರಸು ನೋಡಿದ. ಸುಟ್ಟ ಗುರುತಿದೆಯೋ ಎಂದು ಉಗುರಿನಿಂದ ಕೆರೆದು ನೋಡಿದ. ಆಮೇಲೆ ಅಂಗಳದಲ್ಲಿ ಒಂದು ಸುತ್ತು ನಡೆಸಿದ. ಶೈಲಶ್ರೀ ಉಸಿರು ಹಿಡಿದು ನಿಂತಿದ್ದಳು. ಅಪ್ಪ ಆಕಾಶ ನೋಡುತ್ತಿದ್ದ.

"ಇದ ಏನು ಆ ಎತ್ತು?" ಎಂದ ಗೋಣೆಪ್ಪ ಕೊನೆಗೆ.

"ಇದನ್ರಿ."

"ಎಡಕ್ಕ ಹೂಡಿದ್ದೋ, ಬಲಕ್ಕೋ?"

"ಬಲಕ್ಕ," ಎಂದ ಅಪ್ಪ.

"ನಂದು ಎಡಕ್ಕ." ಗೋಣೆಪ್ಪ ಬಸ್ಯಾನ ಇಣಿಯ ಮೇಲೆ ಕೈಯಿಟ್ಟ. "ಆ ಚಿತ್ರದಾಗೂ ಇಂವ ಹಿಂಗ ಬಾಜೂಕ ಜಾಗಾ ಬಿಟ್ಟು ನಿಂತಿದ್ದ ನೋಡು. ನಂದೂ ಹಂಗ ನಿಂದರತೈತಿ, ಇನ್ನೊಂದು ಬಾಜೂಕ. ನಿನ್ನೆ ಸಿಟ್ಟಿನಾಗ ಬೈದ ಮ್ಯಾಲೂ ಅದೊಂದು ತಲ್ಯಾಗ ಉಳೀತು." ಬಾರುಕೋಲನ್ನು ಕಟ್ಟೆಗೆ ಆನಿಸಿದ. "ಕೊಟ್ರಬಸಪ್ಪ, ನಾ ಆಡಿದ ಮಾತು ಮನಸಿಗೆ ಹಚ್ಕೋಬ್ಯಾಡ. ಕಾರಹುಣ್ಣಿವಿ ಮುಂಜಾನಿ ಬಂದು ನನ್ನ ಎತ್ತು ಹೊಡಕೊಂಡು ಬಾ."

ಶೈಲಶ್ರೀ ಬಸ್ಯಾನ ಕುತ್ತಿಗೆಗೆ ಮುಖ ಹಚ್ಚಿ ಅತ್ತೇಬಿಟ್ಟಳು. ಅಪ್ಪ ಕೆಮ್ಮುತ್ತ ರುಮಾಲು ಸರಿಮಾಡಿಕೊಂಡ. ನಾನು ಬಣಿವೆಯ ಹಿಂದೆಯೇ ಕಣ್ಣೊರೆಸಿಕೊಂಡೆ. ಹಾಗಾದರೆ ನನ್ನ ಚಿತ್ರದಲ್ಲಿ ಸತ್ಯವೊಂದಿತ್ತು! ಜಗತ್ತಿಗೆ ಅದು ಕಂಡಿತ್ತು!

"ಅದಿರ್ಲಿ, ಆ ಚಿತ್ರ ಬರದವ್ರು ಎಲ್ಲಿ ಅದಾರ?" ಎಂದ ಗೋಣೆಪ್ಪ.

ನಾನು ಮೈಮೇಲಿನ ಕಣಿಕಿ ಕೊಡವಿಕೊಂಡು, ಶಾಲು ಹೊದಿಸಿಕೊಳ್ಳುವವನ ಗತ್ತಿನಲ್ಲಿ ಹೊರಗೆ ಬಂದೆ.

"ಭಾಳ ಉಪಕಾರ ಆತು ನೋಡಪಾ ನಿನ್ನಿಂದ. ಫೋಟೋ ನೋಡಿ ಬಂದಿದ್ರ ನಾ ಈ ಎತ್ತಿನಾಗ ಹತ್ತು ಐಬು ಹುಡುಕ್ತಿದ್ದೆ. ನಿನ್ನ ಚಿತ್ರ ನೋಡಿ ಬಂದೆ, ಎತ್ತು ದೇವರಂಗ ಕಂಡ್ತು! ಒಂದ ಮಾತಿಗೆ ಒಪ್ಪಿದೆ." ಗೋಣೆಪ್ಪ ಹತ್ತಿರ ಬಂದು ದನಿ ತಗ್ಗಿಸಿದ. "ನನ್ನ ತಮ್ಮನ ಮಗ ಅದಾನ, ಕನಕರಾಜ. ಹೊಲ ಐತಿ, ಮನಿ ಐತಿ, ಗುಣ ಛಲೋ. ಆದ್ರ ಎಷ್ಟ್ ಕಡಿ ಫೋಟೋ ಕಳಿಸಿದ್ರೂ ಹೆಣ್ಣಿನವರು ಬಂದು ನೋಡಿ, ಫೋಟೋದಾಗ ಇದ್ದಂಗ ಇಲ್ಲ ಅಂತ ಹೋಗಿಬಿಡ್ತಾರ. ನೀ ಅವಂದೊಂದು ಚಿತ್ರ ಬರದು ಕೊಡು. ಮೊದಲ ಅದನ್ನ ಕಳಸ್ತೀವಿ. ಆಮ್ಯಾಲೆ ಹುಡುಗನ್ನ ತೋರಸ್ತೀವಿ!"

ನನ್ನ ಗತ್ತು ಇಳಿಯಿತು. "ಕಾಕಾರ, ಈಗ ನನ್ನ ಕೈ ಭಾಳ ಸುಧಾರಿಸೈತಿ. ನೆರಳು, ಬಣ್ಣ ಎಲ್ಲಾ ಸರಿಯಾಗಿ..."

"ಸುಧಾರಿಸಬ್ಯಾಡಪಾ!" ಎಂದು ಗೋಣೆಪ್ಪ ಗಾಬರಿಯಿಂದ ನನ್ನ ಎರಡೂ ಕೈ ಹಿಡಿದುಕೊಂಡ. "ಎತ್ತಿಗೆ ಬರದಂಗ ಬರಿ. ನೀಲಿ ಕಡಿಮಿ ಮಾಡಬ್ಯಾಡ!"

ಅಪ್ಪ ನಕ್ಕದ್ದನ್ನು ಮಾರ್ಯಾ ಹೋದ ಮೇಲೆ ನಾನು ಕೇಳಿದ್ದು ಆಗಲೇ. ನಾನು ಆಸರೆಗೆಂದು ಹೆಂಡತಿಯ ಕಡೆ ನೋಡಿದೆ. ಅವಳು ಕಣ್ಣೊರೆಸಿಕೊಂಡು, ಬಸ್ಯಾನ ಬೆನ್ನು ತಟ್ಟಿ, ಗೋಣೆಪ್ಪನಿಗೆ ಹೇಳಿದಳು:

"ನಿಮ್ಮ ಯೋಚನಿ ಖರೇ ಐತಿ ಕಾಕಾರ. ನಮ್ಮ ಮದುವಿಯೊಳಗ ಉಲ್ಟಾ ಆತು ನೋಡ್ರಿ. ಇವರದು ಮೊದಲ ಫೋಟೋ ಬಂದಿತ್ತು, ಭಾಳ ಛಲೋ ಇತ್ತು!"